ಕ್ಯಾಸೆಟ್ಟಿನಲ್ಲಿಲ್ಲದ ಪಾರಿವಾಳಗಳು

ಇವತ್ತು ಸೂರ್ಯ ಚೂರುಚೂರಾಗಿ ಹುಟ್ಟಿದ. ನೀಲಿಯ ತುಂಬ ಹಸಿರು ಚೌಕಗಳು. ನಮ್ಮ ಓಣಿಗೆ ಆಕಾಶ ಬರುವುದು ಮೂಲೆಯಲ್ಲಿರುವ ಹಳೆಯ ವಿಡಿಯೋಗೇಮ್ ಪೆಟ್ಟಿಗೆಯಿಂದ. ಅದರ ರಿಪೇರಿ ನನ್ನ ಕೆಲಸ. ಬೆಳಿಗ್ಗೆ ಹತ್ತರೊಳಗೆ ಸರಿಹೋಗದಿದ್ದರೆ ಪೆಟ್ಟಿಗೆ ಗುಜರಿಗೆ ಹೋಗುತ್ತದೆ.

ಪೆಟ್ಟಿಗೆಯಿಂದ ಗೇಮಿನ ಕ್ಯಾಸೆಟ್ ಹೊರತೆಗೆದೆ. ಪಿನ್ನುಗಳಿಗೆಲ್ಲ ಕಿಲುಬು ಹಿಡಿದಿತ್ತು.

“ಇದಕ್ಕ ಊದಿದವ್ರು ಯಾರು? ಬಾಯಿ ಹಸಿ ಹತ್ತಿ ಕಿಲುಬು ಬರತೈತಿ ಅಂತ ಎಷ್ಟ ಸಲ ಹೇಳೇನಿ!” ಎಂದು ರೇಗಿದೆ.

“ನಾನ ದಿನಾ ಊದತೇನಿ,” ಎಂದಳು ಎದುರುಮನೆಯ ಸಾವಂತ್ರೆವ್ವ. “ಊದಿದ್ರಷ್ಟ ನಮ್ಮನಿಯವ್ರ ಪಾರಿವಾಳ ಕಾಣಸ್ತಾವು.”

ಅವಳ ಗಂಡ ಪಾರಿವಾಳ ಸಾಕುತ್ತಿದ್ದ. ತೀರಿಕೊಂಡು ಮೂರು ವರ್ಷವಾಯಿತು.

ನಾನು ಬಿಡಲಿಲ್ಲ. ರಬ್ಬರಿನಿಂದ ಉಜ್ಜಿದೆ, ಸ್ಪಿರಿಟ್ ಹಚ್ಚಿ ಒರೆಸಿದೆ, ಹಾಕಿದೆ. ಮತ್ತೆ ಚೌಕಗಳು. ಮತ್ತೆ ತೆಗೆದೆ, ಮತ್ತೆ ಉಜ್ಜಿದೆ. ಐದನೆಯ ಸಲಕ್ಕೆ, ಹತ್ತಕ್ಕೆ ಇನ್ನೂ ಐದು ನಿಮಿಷವಿರುವಾಗ, ಒಂದು ಕಲೆಯೂ ಇಲ್ಲದ ಆಕಾಶ ಬಂತು. ಓಣಿಯವರೆಲ್ಲ ಚಪ್ಪಾಳೆ ತಟ್ಟಿದರು.

ಸಾವಂತ್ರೆವ್ವ ಮಾತ್ರ ಹಣೆಗೆ ಕೈ ಅಡ್ಡ ಹಿಡಿದು ಹುಡುಕುತ್ತಲೇ ಇದ್ದಳು. “ಪಾರಿವಾಳ ಎಲ್ಲಿ ಹೋದ್ವು?”

ಈ ಕ್ಯಾಸೆಟ್ಟಿನಲ್ಲಿ ಪಾರಿವಾಳಗಳು ಎಂದೂ ಇರಲಿಲ್ಲ. ಅವಳು ಕಂಡದ್ದು ಕಿಲುಬಿನಿಂದ ಮೂಡುತ್ತಿದ್ದ ಬಿಳಿ ಚುಕ್ಕೆಗಳನ್ನು.

ಕ್ಯಾಸೆಟ್ ಮತ್ತೆ ಹೊರತೆಗೆದು, ತುದಿಯ ಒಂದೇ ಒಂದು ಪಿನ್ನಿನ ಮೇಲೆ ಹಗುರಾಗಿ ಊದಿದೆ.