ಫೈಲಿನಲ್ಲಿ ಇಲ್ಲದ ಸಾಲು

ರಕ್ತನಿಧಿಯ ಫ್ರಿಜ್ ಬಿಸಿಯಾದರೂ ಅಲಾರಂ ಕೂಗಲಿಲ್ಲ. ನಲವತ್ತು ಚೀಲ ರಕ್ತ ಹಾಳಾಯಿತು. ಫ್ರಿಜ್ ಮೇಲೆ ಕಣ್ಣಿಟ್ಟು ಅಲಾರಂ ಕೂಗಿಸುವ ಅಲ್ಲಿನ ಲಿನಕ್ಸ್ ಕಂಪ್ಯೂಟರ್ ಯಂತ್ರ ಹೇಗಿರಬೇಕೆಂದು ಪೂರ್ತಿ ಬರೆದಿಟ್ಟ ಫೈಲನ್ನು ಹಿಂದಿನ ದಿನವಷ್ಟೇ ಹೊಸದಾಗಿ ಹಾಕಿದ್ದವಳು ವಾರಿಜಾ.

"ಪರೀಕ್ಷೆ ಮಾಡದೆ ಹಾಕಿದ್ರಾ?" ಮೀಟಿಂಗ್‌ನಲ್ಲಿ ಮೇಲಧಿಕಾರಿ ಗುಡುಗಿದರು.

"ಮಾಡಿದ್ದೆ ಸರ್. ಅದೇ ಫೈಲಿಂದ ನನ್ನ ಕಂಪ್ಯೂಟರ್ ಒಳಗೇ ಅಂಥದ್ದೇ ಒಂದು ನಕಲು ಯಂತ್ರ, ವರ್ಚುವಲ್ ಮಷೀನ್, ಎಬ್ಬಿಸಿ ನೋಡಿದೆ. ಬರೆದದ್ದೆಲ್ಲ ಸರಿಯಾಗಿತ್ತು."

"ಮತ್ತೆ ಅಲಾರಂ ಎಲ್ಲಿ ಹೋಯ್ತು?"

ಅವಳ ಪಕ್ಕ ತಂಡದ ಮುಖ್ಯಸ್ಥ ಕೂತಿದ್ದ. ಎಲ್ಲಿ ಹೋಯಿತೆಂದು ಅವನಿಗೆ ಗೊತ್ತಿತ್ತು. ಎರಡು ತಿಂಗಳ ಹಿಂದೆ ಅಲಾರಂ ಹಚ್ಚುವ ಸಾಲನ್ನು ಅವನೇ ಆ ಯಂತ್ರದಲ್ಲಿ ನೇರವಾಗಿ ಟೈಪ್ ಮಾಡಿದ್ದ. ಫೈಲಿಗೆ ಆಮೇಲೆ ಬರೆದರಾಯಿತು ಎಂದುಕೊಂಡು ಮರೆತೇಬಿಟ್ಟಿದ್ದ. ಫೈಲನ್ನು ಹೊಸದಾಗಿ ಹಾಕಿದಾಗ, ಅದರಲ್ಲಿ ಇಲ್ಲದ್ದು ಯಂತ್ರದಲ್ಲೂ ಉಳಿಯುವುದಿಲ್ಲ. ವಾರಿಜಾಗೆ ಈ ಪಾಠ ಹೇಳಿಕೊಟ್ಟವನೂ ಅವನೇ.

ಅವನು ಮುಂದಿದ್ದ ಕಾಗದದ ಹಾಳೆ ಮಗುಚಿದ. ಮಧ್ಯಾಹ್ನ ವಾರಿಜಾ ಕೈಗೆ ನೋಟಿಸ್ ಬಂತು.

ಸಂಜೆ ಅವಳ ಮೇಜಿನ ಹತ್ತಿರ ಹೋಗಿ, "ಮನಸ್ಸಿಗೆ ಹಚ್ಕೋಬೇಡಿ. ಎಲ್ಲಿ ತಪ್ಪಾಯ್ತೋ ನಾನೇ ಕೂತು ಹುಡುಕ್ತೀನಿ" ಎಂದ.

"ಬೆಳಿಗ್ಗೆನೇ ಸಿಕ್ತು ಸರ್," ಊಟದ ಡಬ್ಬಿಯನ್ನು ಚೀಲಕ್ಕಿಳಿಸುತ್ತ ಅವಳು ಹೇಳಿದಳು. "ಆ ಮಷೀನಲ್ಲಿ ಯಾರು ಏನು ಟೈಪ್ ಮಾಡಿದ್ರು ಅನ್ನೋದು ಹೆಸರು, ತಾರೀಕಿನ ಸಮೇತ ಉಳಿದಿರುತ್ತೆ. ಮೀಟಿಂಗ್‌ನಲ್ಲಿ ನೀವೇ ಹೇಳ್ತೀರಿ ಅಂತ ಕಾದೆ."