ಪರಮಶಿವಯ್ಯನ ಎರಡು ಗುಣವಾಚಕ

ಮಾನ್ಯ ವಾಚಕ ಮಹಾಶಯರೇ, ಒಂದು ಗುಣವಾಚಕವು ಒಬ್ಬ ಮನುಷ್ಯನ ಅನ್ನವನ್ನು ಕಸಿಯಬಲ್ಲದೆಂದು ತಾವು ನಂಬದಿದ್ದರೆ, ಸಾವಿರದ ಒಂಬೈನೂರ ತೊಂಬತ್ತೆಂಟರ ಜನವರಿಯಲ್ಲಿ, ಹೊಂಗಡಹಳ್ಳದ ಎಸ್ಟೇಟೊಂದರಲ್ಲಿ, ನನ್ನ ಮುಂದಿದ್ದ ಪಟ್ಟಿಯ ಹದಿನೇಳನೆಯ ಸಾಲನ್ನು ದಯಮಾಡಿ ಗಮನಿಸಬೇಕು.

'ಪರಮಶಿವಯ್ಯ. ಯಾರ್ಡ್ ಸೂಪರ್‌ವೈಸರ್. ಲೇಜಿ, ಸ್ಲೋ.'

ಒಡತಿ ರಾಜಲಕ್ಷ್ಮಮ್ಮನವರು ಕೆಲಸಗಾರರ ಹೆಸರು, ಹುದ್ದೆ, ಗುಣಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದರು. ಮರುದಿನ ಬೆಳಗ್ಗೆ ಫ್ರಾನ್ಸಿನ ಕಾಫಿ ಕಂಪನಿಯವನು ಬರುವವನಿದ್ದ. ಅಷ್ಟರಲ್ಲಿ ಎಲ್ಲವೂ ಫ್ರೆಂಚಿಗೆ ಇಳಿಯಬೇಕಿತ್ತು. ರದ್ದಿ ಅಂಗಡಿಯ ನಿಘಂಟಿನಿಂದ ಆ ಭಾಷೆ ಕಲಿತ ಅಲೆಮಾರಿ ನಾನು. ಮೂರು ದಿನದ ಊಟ, ವಸತಿಗೆ ಒಪ್ಪಿದ್ದೆ. ಡ್ರೈವರ್ 'ಶೋಫರ್' ಆದ. ಸ್ಟೋರ್ ಕೀಪರ್ 'ಮಗಾಜಿನ್ಯೇ' ಆದ. ಉಳಿದವರೆಲ್ಲರೂ ಪ್ರಾಮಾಣಿಕರು, ಒಳ್ಳೆಯವರು. ಪರಮಶಿವಯ್ಯನೊಬ್ಬನೇ ಸೋಮಾರಿ.

ಇದನ್ನು ಹೀಗೆಯೇ ಇಡಬೇಕೇ ಎಂದು ಕೇಳಿದ್ದೆ.

"ಹಾಗೇ ಇಳಿಸಿ. ಒಂದಕ್ಷರ ಸಿಹಿ ಮಾಡ್ಬೇಡಿ," ಎಂದು ರಾಜಲಕ್ಷ್ಮಮ್ಮನವರು ನನ್ನ ಮುಖ ನೋಡದೆ ಒಳಗೆ ಹೋಗಿದ್ದರು.

ಪಟ್ಟಿ ನೋಡಿ ಒಬ್ಬನನ್ನು ಎಸ್ಟೇಟಿನಿಂದ ಕಳಿಸುತ್ತಾರೆಂಬ ಸುದ್ದಿ ಆಳುಗಳ ಲೈನ್ ಮನೆಗಳಲ್ಲಿ ಹಬ್ಬಿತ್ತು. ಯಾರನ್ನೆಂದು ನನಗೆ ತಿಳಿದಂತಾಯಿತು. ಆದರೆ ಕಣದಲ್ಲಿ ನಾನು ಕಂಡ ಪರಮಶಿವಯ್ಯ ಸೂರ್ಯನಿಗಿಂತ ಮೊದಲು ಬರುತ್ತಿದ್ದ. ಒಣಗಲು ಹರವಿದ ರಾಶಿಯಿಂದ ಒಂದು ಕಾಫಿ ಬೀಜ ಕಚ್ಚಿ, ಇನ್ನೆಷ್ಟು ಬಿಸಿಲು ಬೇಕೆಂದು ಹೇಳುತ್ತಿದ್ದ.

ಅವನ ಹೆಂಡತಿ ಬಸಮ್ಮನ ಬಾಗಿಲಲ್ಲಿ ಒಂದು ಕರು. ಮೈ ಮಿರುಗುತ್ತಿತ್ತು. ಹೊಗಳಿದೆ. ಅವಳು ಗಾಬರಿಯಿಂದ ಅದಕ್ಕೆ ಸೆರಗಿನ ಮರೆ ಮಾಡಿ, "ಎಲ್ಲಿ ಚೆಂದ ಬುಡಿ ಮೇಷ್ಟ್ರೇ, ಬಡಕಲು," ಎಂದಳು. ಆಮೇಲೆ ದನಿ ತಗ್ಗಿಸಿದಳು. "ನಮ್ಮೋರ್ದು ಅಮ್ಮಾವ್ರು ಹೇಳ್ದಂಗೇ ಬರೀರಿ."

ಪಾಪ, ಏನು ಹೇಳಿದ್ದಾರೆಂದು ಇವಳಿಗೆ ತಿಳಿಯದು ಎಂದುಕೊಂಡೆ.

ಆ ಸಂಜೆ ಸೋಮಾರಿ, ನಿಧಾನ ಎಂಬರ್ಥದ 'ಪಾರೆಸೂ, ಲಾಂ' ಪದಗಳನ್ನು ಬಿಟ್ಟು, 'ಅಬೀಲ್, ರಾಪೀಡ್' ಎಂದು ಬರೆದೆ: ಕುಶಲ, ಚುರುಕು. ಒಡತಿಗೆ ಫ್ರೆಂಚ್ ಬಾರದು.

ಬೆಳಗ್ಗೆ ಕಂಪನಿಯವನು ಕಣದಲ್ಲೇ ನಿಂತು ಪಟ್ಟಿ ಓದಿದ. ಬೆರಳು ಹದಿನೇಳರಲ್ಲಿ ನಿಂತಿತು. ಪರಮಶಿವಯ್ಯನನ್ನು ಕರೆಸಿ, ಒಂದು ಬೀಜ ಕೊಟ್ಟ. ಪರಮಶಿವಯ್ಯ ಒಡತಿಯನ್ನು ನೋಡಿದ, ನೆಲ ನೋಡಿದ, ಕಚ್ಚಿದ. ಕಾಫಿಯ ವಿಷಯದಲ್ಲಿ ಅವನಿಗೆ ಸುಳ್ಳು ಬಾರದು.

"ಇನ್ನರ್ಧ ದಿನದ ಬಿಸಿಲು ಬೇಕು."

ತೇವ ಅಳೆಯುವ ಯಂತ್ರವೂ ಅದನ್ನೇ ಹೇಳಿತು. ಕಂಪನಿಯವನು ನಕ್ಕು, ಅವನ ಕೈ ಕುಲುಕಿ, ಹೆಸರಿನ ಕೆಳಗೆ ಗೆರೆ ಎಳೆದ. ರಾಜಲಕ್ಷ್ಮಮ್ಮನವರ ಮುಖ ಬಿಳಿಚಿತು. ಗೆದ್ದೆನೆಂದುಕೊಂಡೆ.

ನಿಘಂಟನ್ನು ಚೀಲಕ್ಕೆ ತುರುಕಿ ಹೊರಟೆ. ಬಸಮ್ಮ ಕರುವಿನ ಕೊರಳು ತಬ್ಬಿ ಕೂತಿದ್ದಳು.

"ಮೇಷ್ಟ್ರೇ, ಆಫ್ರಿಕಾ ಬಿಸಿಲೆ ಘಾಟಿಗಿಂತ ದೂರ ಐತಾ?"

ಈ ಬೆಳೆ ಕೊಳ್ಳಬೇಕಾದರೆ, ಕಂಪನಿ ಆರಿಸಿದ ಒಬ್ಬ ಆಳನ್ನು ಐದು ವರ್ಷ ಅಲ್ಲಿನ ಅವರ ಹೊಸ ತೋಟಕ್ಕೆ ಕಳಿಸಬೇಕೆಂದು ಕರಾರಂತೆ.

"ಸೋಮಾರಿ ಅಂತ ಬರೀರಿ ಅಂತ ನಾನೇ ಅಮ್ಮಾವ್ರ ಕಾಲು ಹಿಡ್ಕೊಂಡಿದ್ದೆ. ಆ ಕಂಪ್ನಿಯೋನ ಕಣ್ಣು ಹೆಂಗೆ ಬಿತ್ತೋ."

ಕರು ತಲೆಯೆತ್ತಿ ನನ್ನನ್ನೇ ನೋಡಿತು. "ತುಂಬ ಬಡಕಲು," ಎಂದೆ. ಚೀಲ ಹೆಗಲಿಗೇರಿಸಿ ಆಲೂರಿನ ದಾರಿ ಹಿಡಿದೆ.