ಕುಂಟುವ ಮಣ್ಣೆತ್ತು

ಮಣ್ಣೆತ್ತಿನ ಅಮಾವಾಸ್ಯೆಯ ಪೂಜೆ ಮುಗಿಯುತ್ತಲೇ, ಎಲ್ಲರ ಮನೆಯಲ್ಲಿ ಆಗುವಂತೆ, ಫಕೀರವ್ವನ ಮಣ್ಣೆತ್ತುಗಳೂ ಎದ್ದು ಮೈಕೊಡವಿ ಅಂಗಳಕ್ಕಿಳಿದವು. ಅವಳು ಕಾಲುಗಳನ್ನು ಸಮನಾಗಿಯೇ ಮಾಡಿದ್ದಳು. ಆದರೂ ಒಂದೆತ್ತು, ತೀರಿಹೋದ ಅವ್ವ ಮಾಡುತ್ತಿದ್ದ ಎತ್ತಿನಂತೆ ಕುಂಟಿತು. ಅವ್ವನ ಎತ್ತುಗಳೆಲ್ಲ ಮಳೆಗೆ ಕರಗಿದ್ದು ಇದೇ ಅಂಗಳದ ಎರೆಮಣ್ಣಿನಲ್ಲಿ; ಫಕೀರವ್ವ ಈ ಎತ್ತುಗಳನ್ನು ಮಾಡಿದ್ದೂ ಅದೇ ಮಣ್ಣಿನಿಂದ.

ಆ ಮಣ್ಣಲ್ಲಿ ನೀರು ಇಂಗುವುದಿಲ್ಲವೆಂದು, ಅಂಗಳದ ಕೆಲಸಕ್ಕೆ ಬಂದಿದ್ದ ಮಾಬುಸಾಬ ಅದನ್ನು ಅಗೆದು ಟ್ರ್ಯಾಕ್ಟರಿಗೆ ತುಂಬಿ, ಜಲ್ಲಿ ಸುರಿದು, ಪ್ಲಾಸ್ಟಿಕ್ ಹುಲ್ಲು ಹಾಸಿದ್ದ.

"ಇನ್ನ ಒಂದ್ ಹನಿ ನೀರೂ ನಿಂದ್ರಂಗಿಲ್ಲ ನೋಡ್ರಿ, ಅಕ್ಕಾರ."

ಎತ್ತುಗಳು ಹುಲ್ಲನ್ನು ಮೂಸಿದವು, ಬಾಯಿ ಹಾಕಲಿಲ್ಲ. ಮಣ್ಣು ತುಂಬಲು ಆನಿಸಿದ್ದ ಹಲಗೆಯ ಮೇಲೆ ಹಾದು ಟ್ರ್ಯಾಕ್ಟರ್ ಹತ್ತಿ, ಅಗೆದ ಮಣ್ಣಿನ ಮೇಲೆ ಮಲಗಿಬಿಟ್ಟವು.

ಟ್ರ್ಯಾಕ್ಟರ್ ಗುಡುಗಿತು. ಫಕೀರವ್ವ ಬುಟ್ಟಿ ಹಿಡಿದು ಅಡ್ಡ ನಿಂತಳು.

"ಒಂದ್ ಬುಟ್ಟಿ ಮಣ್ಣು ಇಳಿಸಪಾ, ಮಾಬುಸಾಬ. ಬರೋ ವರ್ಷನೂ ಅದು ಕುಂಟಬೇಕು."